ಅಮೆರಿಕದಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರ್ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಸೋರಿಕೆಯಾದರೆ ಕ್ರೆಡಿಟ್ ಫ್ರೀಜ್ ಮಾಡಿಸಬೇಕೇ? ನನ್ನ ಕಾರ್ಡುಗಳು ನಿಂತುಹೋಗುತ್ತವೆಯೇ?

ಮಾಡಿಸಿ, ಇವತ್ತೇ. ಕಾರ್ಡುಗಳು ಎಂದಿನಂತೆ ನಡೆಯುತ್ತವೆ, ಕ್ರೆಡಿಟ್ ಸ್ಕೋರ್ ಕೂಡ ಇಳಿಯುವುದಿಲ್ಲ.

ಬೇರೆಯವರು ನಿಮ್ಮ ಹೆಸರಲ್ಲಿ ಸಾಲಕ್ಕೋ ಕಾರ್ಡಿಗೋ ಅರ್ಜಿ ಹಾಕಿದರೆ, ಬ್ಯಾಂಕ್ ಸಾಮಾನ್ಯವಾಗಿ ಮೊದಲು ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಸಾಲದ ಇತಿಹಾಸದ ದಾಖಲೆ, ತರಿಸಿ ನೋಡುತ್ತದೆ. ಫ್ರೀಜ್ ಇದ್ದರೆ ಆ ರಿಪೋರ್ಟ್ ಸಿಗುವುದಿಲ್ಲ. ರಿಪೋರ್ಟ್ ನೋಡದೆ ಯಾರು ಸಾಲ ಕೊಡುತ್ತಾರೆ, ಅಲ್ವಾ?

ಜಾಸ್ತಿ ಜನ ಎಡವುವುದು ಇಲ್ಲಿ: ಈ ರಿಪೋರ್ಟ್ ಇಡುವ ಕಂಪನಿಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಮೂರರಲ್ಲೂ ಬೇರೆಬೇರೆಯಾಗಿ ಫ್ರೀಜ್ ಮಾಡಿಸಬೇಕು. ಒಂದಕ್ಕೆ ಹೇಳಿದರೆ ಉಳಿದೆರಡಕ್ಕೆ ಸುದ್ದಿ ಹೋಗುವುದಿಲ್ಲ. ಆನ್‌ಲೈನಲ್ಲೋ ಫೋನಲ್ಲೋ ಕೇಳಿದರೆ ಒಂದು ಕೆಲಸದ ದಿನದೊಳಗೆ ಫ್ರೀಜ್ ಆಗಬೇಕು. 2018ರ ಸೆಪ್ಟೆಂಬರಿನಿಂದ ಇದು ಪೂರ್ತಿ ಉಚಿತ. ಅವರ ವೆಬ್‌ಸೈಟುಗಳು ‘ಲಾಕ್’ ಅನ್ನೋ ಬೇರೆ ಸೇವೆಯನ್ನೂ ಮುಂದೆ ತಳ್ಳುತ್ತವೆ. ಕೆಲವಕ್ಕೆ ತಿಂಗಳ ಶುಲ್ಕವಿದೆ. ಸುಮ್ನೆ ದುಡ್ಡು ಕೊಡಬೇಡಿ. ಫ್ರೀಜ್‌ಗೆ ಕಾನೂನಿನ ಬಲ ಇದೆ, ಅದೇ ಸಾಕು.

ಮನೆ ಅಥವಾ ಕಾರಿನ ಸಾಲ ಬೇಕಾದಾಗ ನೀವೇ ಫ್ರೀಜ್ ತೆಗೆಸಬಹುದು. ಆನ್‌ಲೈನಲ್ಲಿ ಕೇಳಿದರೆ ಒಂದು ಗಂಟೆಯೊಳಗೆ ತೆಗೆಯಲೇಬೇಕು. ಕೆಲವೇ ದಿನಕ್ಕೆ ತೆಗೆಸುವ ಸೌಲಭ್ಯವೂ ಇದೆ. ಹದಿನಾರು ತುಂಬದ ಮಕ್ಕಳ ಹೆಸರಲ್ಲೂ ತಂದೆತಾಯಿ ಫ್ರೀಜ್ ಮಾಡಿಸಬಹುದು.

ಆದರೆ ಈಗಾಗಲೇ ಇರುವ ಕಾರ್ಡಿನ ನಂಬರ್ ಕದ್ದು ಖರ್ಚು ಮಾಡಿದರೆ ಫ್ರೀಜ್ ತಡೆಯುವುದಿಲ್ಲ. ನಿಮ್ಮ ಹೆಸರಲ್ಲಿ ಸುಳ್ಳು ಟ್ಯಾಕ್ಸ್ ರಿಟರ್ನ್ ಹಾಕುವುದನ್ನೂ ತಡೆಯದು. ಅದಕ್ಕೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಐಪಿ ಪಿನ್ (ರಿಟರ್ನ್ ಹಾಕುವಾಗ ಕೊಡಬೇಕಾದ ಗುಪ್ತ ಸಂಖ್ಯೆ) ಪಡೆಯಿರಿ.