8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಫೈರ್‌ಫಾಕ್ಸ್ ಕಂಪೈಲ್ ಆಗುತ್ತಾ?

ಪ್ರಶ್ನೆ: ಸರ್, ನಾನು ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ಉಬುಂಟು ಲಿನಕ್ಸ್‌ನಲ್ಲಿ ಫೈರ್‌ಫಾಕ್ಸ್ ಸೋರ್ಸ್ ಕೋಡ್ ಕಂಪೈಲ್ ಮಾಡಲು, ಅಂದರೆ ಮೂಲ ಕೋಡ್‌ನಿಂದ ನಾನೇ ಬ್ರೌಸರ್ ತಯಾರಿಸಲು ಹೊರಟೆ. ಬಹಳ ಹೊತ್ತು ಓಡುತ್ತದೆ, ಆಮೇಲೆ ಜಿಕೆರಸ್ಟ್ ಅನ್ನುವ ಕಡೆ 'ಸಿಗ್ನಲ್ 9, ಸಿಗ್‌ಕಿಲ್' ಅಂತ ತೋರಿಸಿ ನಿಂತುಬಿಡುತ್ತದೆ. ರ‍್ಯಾಮ್ 8 ಜಿಬಿ ಇದೆ. ಕೋಡ್‌ನಲ್ಲೇ ತಪ್ಪಿದೆಯಾ? ಹೊಸ ಲ್ಯಾಪ್‌ಟಾಪ್ ಕೊಳ್ಳುವ ಸ್ಥಿತಿಯಲ್ಲಿ ಮನೆಯವರಿಲ್ಲ.
– ವಿದ್ಯಾರ್ಥಿನಿ, ಶಿರಾ ಗೇಟ್, ತುಮಕೂರು

ಉತ್ತರ: ಕೋಡ್‌ನಲ್ಲಿ ತಪ್ಪಿಲ್ಲ, ಹೊಸ ಲ್ಯಾಪ್‌ಟಾಪೂ ಬೇಡ. ಮೆಮೊರಿ ಸಾಲದೆ ಹೋದಾಗ ಲಿನಕ್ಸ್ ತಾನೇ ಒಂದು ಪ್ರೋಗ್ರಾಮನ್ನು ಕೊಂದುಹಾಕುತ್ತದೆ. ಇಲ್ಲಿ ಸಿಗ್ನಲ್ 9 ಬಂದಿರುವುದು ಬಹುಮಟ್ಟಿಗೆ ಅದರಿಂದಲೇ. ಖಚಿತ ಮಾಡಿಕೊಳ್ಳಬೇಕಾದರೆ ಟರ್ಮಿನಲ್‌ನಲ್ಲಿ ಡಿಮೆಸೇಜ್ ಕಮಾಂಡ್ (sudo dmesg) ಕೊಟ್ಟು ನೋಡಿ, 'ಔಟ್ ಆಫ್ ಮೆಮೊರಿ' ಅಂತ ಒಂದು ಸಾಲು ಇರುತ್ತದೆ. ಫೈರ್‌ಫಾಕ್ಸ್‌ನ ರಸ್ಟ್ ಭಾಷೆಯ ಕೋಡೆಲ್ಲ ಬಂದು ಸೇರುವುದು ಜಿಕೆರಸ್ಟ್‌ನಲ್ಲಿ. ಹಾಗಾಗಿ ಮೆಮೊರಿ ಜಾಸ್ತಿ ಬೇಕಾಗುವುದು, ಕೈಕೊಡುವುದು ಎರಡೂ ಅಲ್ಲೇ.

ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದವರೇ ಹೇಳುವ ಪ್ರಕಾರ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, 8 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು, ಡಿಸ್ಕ್‌ನಲ್ಲಿ 30 ಜಿಬಿ ಖಾಲಿ ಇರಬೇಕು. ಅಂದಮೇಲೆ ನಿಮ್ಮ ಯಂತ್ರಕ್ಕೆ ಇದು ಆಗದ ಕೆಲಸವೇನಲ್ಲ. ಮೊದಲು 8 ಜಿಬಿಯ ಒಂದು ಸ್ವಾಪ್ ಫೈಲ್ (ರ‍್ಯಾಮ್ ಸಾಲದಾಗ ಮೆಮೊರಿಯಂತೆ ಬಳಕೆಯಾಗುವ ಡಿಸ್ಕ್ ಜಾಗ) ಮಾಡಿ. ನಂತರ ಮ್ಯಾಕ್ (mach, ಫೈರ್‌ಫಾಕ್ಸ್ ಸೋರ್ಸ್ ಜೊತೆಗೇ ಬರುವ ಬಿಲ್ಡ್ ಸಾಧನ) ಬಿಲ್ಡ್ ಕಮಾಂಡಿನ ಕೊನೆಗೆ ಹೈಫನ್, ಜೆ, 2 (-j2) ಅಂತ ಸೇರಿಸಿ. ಸುಮ್ನೆ ಬಿಟ್ಟರೆ ಅದು ಸಾಮಾನ್ಯವಾಗಿ ನಿಮ್ಮ ಪ್ರೊಸೆಸರ್‌ನ ಎಲ್ಲ ಕೋರ್‌ಗಳಿಗೂ ಒಟ್ಟಿಗೆ ಕೆಲಸ ಹಂಚುತ್ತದೆ, ಒಂದೊಂದು ಕೆಲಸವೂ ತನ್ನ ಪಾಲಿನ ಮೆಮೊರಿ ಕೇಳುತ್ತದೆ, ಎಲ್ಲ ಸೇರಿ 8 ಜಿಬಿ ಮೀರುತ್ತದೆ. ಎರಡೇ ಕೆಲಸ ಒಟ್ಟಿಗೆ ನಡೆದರೆ ನಿಧಾನವಾಗುತ್ತದೆ, ಆದರೆ ಮುಗಿಯುತ್ತದೆ. ಸೋರ್ಸ್ ಫೋಲ್ಡರ್‌ನಲ್ಲಿರುವ ಮೊಜ್‌ಕಾನ್ಫಿಗ್ ಫೈಲಿನಲ್ಲಿ ಡೀಬಗ್ ಸಿಂಬಲ್‌ಗಳನ್ನು (ತಪ್ಪು ಹುಡುಕಲು ಸೇರಿಸುವ ಮಾಹಿತಿ) ಡಿಸೇಬಲ್ ಮಾಡುವ ಸಾಲನ್ನೂ ಹಾಕಿ, ಕೊನೆಗೆ ಎಲ್ಲ ಭಾಗಗಳನ್ನು ಲಿಂಕ್ ಮಾಡಿ ಜೋಡಿಸುವಾಗ ಭಾರ ಕಡಿಮೆಯಾಗುತ್ತದೆ. ಬಿಲ್ಡ್ ನಡೆಯುವಾಗ ಬೇರೆ ಬ್ರೌಸರ್ ತೆರೆದಿಡಬೇಡಿ. ಮಧ್ಯದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆದರೂ ಗಾಬರಿ ಬೇಡ, ಅದೇ ಕಮಾಂಡ್ ಮತ್ತೆ ಕೊಟ್ಟರೆ ಆಗಲೇ ಕಂಪೈಲ್ ಆದ ಫೈಲುಗಳನ್ನು ಬಿಟ್ಟು ಮುಂದಿನದನ್ನು ಹಿಡಿಯುತ್ತದೆ. ಕ್ಲಾಬರ್ ಕಮಾಂಡ್ ಮಾತ್ರ ಕೊಡಬೇಡಿ. ಅದು ಎಲ್ಲವನ್ನೂ ಅಳಿಸಿ ಮೊದಲಿಂದ ಶುರು ಮಾಡಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಕೇಳಬೇಕು. ಬ್ರೌಸರ್‌ನಲ್ಲಿ ನೀವು ಏನನ್ನು ಬದಲಿಸಬೇಕು ಅಂತಿದ್ದೀರಿ? ಮೆನು, ಬಟನ್, ಸೆಟ್ಟಿಂಗ್ಸ್ ಪುಟ, ಹೀಗೆ ಕಣ್ಣಿಗೆ ಕಾಣುವ ಭಾಗವಾದರೆ ಅದರ ಬಹುಪಾಲು ಜಾವಾಸ್ಕ್ರಿಪ್ಟ್, ಸಿಎಸ್‌ಎಸ್‌ನಲ್ಲೇ ಇದೆ. ಅದಕ್ಕೆ ಪೂರ್ತಿ ಕಂಪೈಲ್ ಬೇಕಿಲ್ಲ. ಬಿಲ್ಡ್‌ಗೆ ಬೇಕಾದ ಸಾಧನಗಳನ್ನು ಹೊಂದಿಸುವ ಮ್ಯಾಕ್ ಬೂಟ್‌ಸ್ಟ್ರ್ಯಾಪ್ ಓಡಿಸಿದಾಗ ಯಾವ ಬಗೆಯ ಬಿಲ್ಡ್ ಅಂತ ಕೇಳುತ್ತದಲ್ವಾ, ಅಲ್ಲಿ ಆರ್ಟಿಫ್ಯಾಕ್ಟ್ ಮೋಡ್ ಆರಿಸಿ. ಸಿ++, ರಸ್ಟ್ ಭಾಗಗಳನ್ನು ಮೊಜಿಲ್ಲಾದ ಸರ್ವರ್‌ಗಳು ಆಗಲೇ ಕಂಪೈಲ್ ಮಾಡಿಟ್ಟಿರುತ್ತವೆ, ಅವು ಸೀದಾ ಇಳಿದು ಬರುತ್ತವೆ, ಗಂಟೆಗಟ್ಟಲೆ ಕಾಯುವ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಹೊಸಬರೆಲ್ಲರೂ ಇಲ್ಲಿಂದಲೇ ಶುರು ಮಾಡಲಿ ಅನ್ನುವುದು ನನ್ನ ಆಸೆ. ಮೊದಲ ವಾರದಲ್ಲೇ ಸಿಗ್‌ಕಿಲ್ ನೋಡಿ ಕೈಬಿಟ್ಟವರು ಮತ್ತೆ ಈ ಕಡೆ ಬರುವುದು ಕಷ್ಟ.

ಪೂರ್ತಿ ಕಂಪೈಲ್ ಬೇಕೇ ಬೇಕಾಗುವ ಕೆಲಸಗಳೂ ಇವೆ. ನಮ್ಮ ಒತ್ತಕ್ಷರಗಳು ತೆರೆಯ ಮೇಲೆ ಸರಿಯಾಗಿ ಜೋಡಣೆಯಾಗುವುದು ಹಾರ್ಫ್‌ಬಜ್ ಅನ್ನುವ ಲೈಬ್ರರಿಯಿಂದ. ಅದು ಸಿ++, ಸೋರ್ಸ್‌ನ ಜಿಎಫ್‌ಎಕ್ಸ್ ಫೋಲ್ಡರ್ ಒಳಗಿದೆ. 'ಸ್ತ್ರೀ' ಅಂತ ಟೈಪ್ ಮಾಡಿದಾಗ ಒಳಗೆ ಏನೇನು ನಡೆಯುತ್ತದೆ ಅಂತ ಅಲ್ಲಿ ಹೋಗಿ ಓದಿ. ಕನ್ನಡ ಬಲ್ಲವರು ಓದಲೇಬೇಕಾದ ಕೋಡ್ ಅದು.

ಪ್ರಶ್ನೆ: ನಮ್ಮಲ್ಲಿರುವುದು ಮೊಬೈಲ್ ಡೇಟಾ ಮಾತ್ರ. ಫೈರ್‌ಫಾಕ್ಸ್ ಸೋರ್ಸ್ ಇಳಿಸಿಕೊಳ್ಳುವ ಗಿಟ್ ಕ್ಲೋನ್ ಅರ್ಧಕ್ಕೆ ನಿಂತರೆ ಮತ್ತೆ ಸೊನ್ನೆಯಿಂದಲೇ ಶುರುವಾಗುತ್ತದೆ. ಏನು ಮಾಡಲಿ? ಕ್ರೋಮ್ ಬ್ರೌಸರ್‌ಗೆ ಆಧಾರವಾದ ಕ್ರೋಮಿಯಂ ಆದರೆ ಸುಲಭವಾ?
– ಓದುಗರು, ಚಿಂತಾಮಣಿ

ಉತ್ತರ: ಹೌದು, ಅರ್ಧಕ್ಕೆ ನಿಂತ ಕ್ಲೋನ್ ಮುಂದುವರಿಯುವುದಿಲ್ಲ. ಕ್ಲೋನ್ ಕಮಾಂಡಿನಲ್ಲಿ ಡೆಪ್ತ್ 1 (--depth 1) ಅಂತ ಕೊಟ್ಟರೆ ಹಳೆಯ ಇತಿಹಾಸ ಬಿಟ್ಟು ಈಗಿನ ಕೋಡ್ ಮಾತ್ರ ಬರುತ್ತದೆ. ಅದೂ ಆಗದಿದ್ದರೆ ಮೊಜಿಲ್ಲಾದ ಆರ್ಕೈವ್‌ನಲ್ಲಿ ಪ್ರತಿ ಆವೃತ್ತಿಯ ಸೋರ್ಸ್ ಒಂದೇ ಟಾರ್ ಫೈಲ್ ಆಗಿ ಸಿಗುತ್ತದೆ, ಅದನ್ನು ವಿಗೆಟ್ (wget) ಎಂಬ ಡೌನ್‌ಲೋಡ್ ಕಮಾಂಡಿನಲ್ಲಿ ನಿಂತಲ್ಲಿಂದ ಮುಂದುವರಿಸಿ ಇಳಿಸಿಕೊಳ್ಳಬಹುದು. ಆದರೆ ಮೇಲೆ ಹೇಳಿದ ಆರ್ಟಿಫ್ಯಾಕ್ಟ್ ಮೋಡ್‌ಗೆ ಟಾರ್ ಫೈಲ್ ಸಾಲದು, ಗಿಟ್ ಕ್ಲೋನ್‌ನಿಂದ ಬರುವ ರೆಪೊಸಿಟರಿಯೇ ಬೇಕು. ಬೂಟ್‌ಸ್ಟ್ರ್ಯಾಪ್ ಕೂಡ ಕಂಪೈಲರ್‌ಗಳನ್ನು ಇಳಿಸುತ್ತದೆ, ಆ ಡೇಟಾವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕ್ರೋಮಿಯಂ ಇನ್ನೂ ಭಾರ: 100 ಜಿಬಿ ಜಾಗ, ಕನಿಷ್ಠ 8 ಜಿಬಿ ರ‍್ಯಾಮ್, 16ಕ್ಕಿಂತ ಜಾಸ್ತಿ ಇದ್ದರೆ ವಾಸಿ ಅಂತ ಅವರೇ ಹೇಳುತ್ತಾರೆ. ಮೊಬೈಲ್ ಡೇಟಾದಲ್ಲಿ ಅದರ ಸಹವಾಸ ಬೇಡ.

ಪ್ರಶ್ನೆ: ಕಂಪೈಲ್ ಆಯಿತು, ಆದರೆ ಹೆಸರು 'ನೈಟ್ಲಿ' ಅಂತ ಬರುತ್ತಿದೆ. ಫೈರ್‌ಫಾಕ್ಸ್ ಹೆಸರು ಹಾಕಿ ನಮ್ಮ ಶಾಲೆಯ ಲ್ಯಾಬ್‌ಗೆ, ಸುತ್ತಲಿನ ಶಾಲೆಗಳಿಗೆ ಕೊಡಬಹುದಾ?
– ಶಿಕ್ಷಕರು, ಮುಳಬಾಗಿಲು, ಕೋಲಾರ ಜಿಲ್ಲೆ

ಉತ್ತರ: ಕೋಡ್ ಮುಕ್ತ, ಹೆಸರು ಮತ್ತು ಲೋಗೋ ಮಾತ್ರ ಮೊಜಿಲ್ಲಾದ ಟ್ರೇಡ್‌ಮಾರ್ಕ್. ನೀವು ಬದಲಿಸಿದ ಬ್ರೌಸರನ್ನು ಅವರ ಅನುಮತಿ ಇಲ್ಲದೆ ಆ ಹೆಸರಿನಲ್ಲಿ ಹಂಚುವಂತಿಲ್ಲ. ಇದೇ ತಕರಾರಿನಿಂದ ಡೆಬಿಯನ್ ಲಿನಕ್ಸ್ ತಂಡ 2006ರಲ್ಲಿ 'ಐಸ್‌ವೀಸಲ್' ಅಂತ ಹೆಸರು ಬದಲಿಸಿಕೊಂಡಿತ್ತು, ಫೈರ್‌ಫಾಕ್ಸ್ ಹೆಸರು ಅಲ್ಲಿಗೆ ವಾಪಸ್ ಬಂದದ್ದು 2016ರಲ್ಲಿ. ನೀವೂ ನಿಮ್ಮದೇ ಹೆಸರಿಡಿ, ಬ್ರೌಸರ್ ಫೋಲ್ಡರ್ ಒಳಗಿನ ಬ್ರ್ಯಾಂಡಿಂಗ್ ಫೋಲ್ಡರ್‌ನಲ್ಲಿ ಹೆಸರು, ಚಿತ್ರ ಎರಡನ್ನೂ ಬದಲಿಸಬಹುದು. ಆಮೇಲೆ ಮ್ಯಾಕ್ ಪ್ಯಾಕೇಜ್ ಕಮಾಂಡ್ ಕೊಟ್ಟರೆ ಪೆನ್‌ಡ್ರೈವ್‌ನಲ್ಲಿ ಒಯ್ಯುವಂಥ ಫೈಲ್ ತಯಾರಾಗುತ್ತದೆ. ಆದರೆ ಸರ್, ಹಾಗೆ ಹಂಚಿದ ಬ್ರೌಸರ್‌ಗೆ ಸೆಕ್ಯುರಿಟಿ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ನೀವೇ ಹೊಸದಾಗಿ ಕಂಪೈಲ್ ಮಾಡಿ ಕೊಡಬೇಕು. ಮಕ್ಕಳ ದಿನನಿತ್ಯದ ಬಳಕೆಗೆ ಮೊಜಿಲ್ಲಾದ ಫೈರ್‌ಫಾಕ್ಸನ್ನೇ ಹಾಕಿ, ನಿಮ್ಮದನ್ನು ಕಲಿಸುವುದಕ್ಕೆ ಇಟ್ಟುಕೊಳ್ಳಿ.