ಟೂಫಿಕ್ಸ್ಡ್ ಬಳಸಿದ ಮೇಲೆ ಮೊತ್ತ ಯಾಕೆ ತಪ್ಪುತ್ತದೆ?

ನಿಮ್ಮ ಅರೇಯಲ್ಲಿ, ಅಂದರೆ ಮೌಲ್ಯಗಳ ಪಟ್ಟಿಯಲ್ಲಿ, 1.334 ಮೂರು ಸಲ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ ಪ್ರತಿಯೊಂದಕ್ಕೂ ಟೂಫಿಕ್ಸ್ಡ್ (ಬಿಂದುವಿನ ನಂತರ ಇಷ್ಟೇ ಸ್ಥಾನ ಇರುವಂತೆ ಸಂಖ್ಯೆಯನ್ನು ದುಂಡಾಗಿಸುವ ಫಂಕ್ಷನ್) ಹಾಕಿ ಎರಡು ಸ್ಥಾನಕ್ಕೆ ತಂದು, ರಿಡ್ಯೂಸ್‌ನಿಂದ (ಅರೇಯಲ್ಲಿರುವುದನ್ನು ಒಂದೊಂದಾಗಿ ಸೇರಿಸುತ್ತಾ ಹೋಗುವ ಫಂಕ್ಷನ್) 0ಯಿಂದ ಶುರುಮಾಡಿ ಕೂಡಿಸಿದರೆ 01.331.331.33 ಬರುತ್ತಿದೆ, ಯಾಕೆ ಅಂತ ಕೇಳಿದ್ದೀರಿ. ಇದೇ ತರಹದ ಉತ್ತರ ನೋಡಿ ನಾನೂ ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡಿದ್ದೆ.

ನಿಮ್ಮ ರಿಡ್ಯೂಸ್‌ನಲ್ಲಿ ತಪ್ಪಿಲ್ಲ. ಟೂಫಿಕ್ಸ್ಡ್ ಕೊಡುವುದು ಸಂಖ್ಯೆಯನ್ನಲ್ಲ, ಸ್ಟ್ರಿಂಗನ್ನು, ಅಂದರೆ ಬರೀ ಅಕ್ಷರಗಳ ಸಾಲನ್ನು. ಶುರುವಿನ 0ಗೆ "1.33" ಸೇರಿದಾಗ ಪ್ಲಸ್ ಚಿಹ್ನೆ ಕೂಡಿಸುವುದಿಲ್ಲ, ಅಕ್ಷರಗಳನ್ನು ಅಂಟಿಸುತ್ತದೆ. ಹಾಗಾಗಿ ಮೊದಲ ಸುತ್ತಿಗೆ "01.33". ಆಮೇಲಿನ ಎರಡು ಸುತ್ತಲ್ಲೂ ಅದರ ಬಾಲಕ್ಕೆ ಒಂದೊಂದು "1.33" ಅಂಟುತ್ತಾ ಹೋಗುತ್ತದೆ.

ಹಾಗಾದರೆ ನಂಬರ್ ಎಂಬ ಫಂಕ್ಷನ್ ಹಾಕಿ ವಾಪಸ್ ಸಂಖ್ಯೆ ಮಾಡಿಕೊಂಡರೆ ಸಾಕಲ್ವಾ? ಸಾಲದು. ಆಗ ಮೊತ್ತ 3.99 ಬರುತ್ತದೆ. ನಿಜವಾದ ಮೊತ್ತ 4.002, ಅಂದರೆ ಎರಡು ಸ್ಥಾನಕ್ಕೆ 4.00. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಕತ್ತರಿಸಿದ್ದೆಲ್ಲ ಕೊನೆಗೆ ಒಟ್ಟಾಗಿ ಕಾಣಿಸುತ್ತದೆ. ಆದ್ದರಿಂದ ಮೊದಲು ಪೂರ್ತಿ ಸಂಖ್ಯೆಗಳನ್ನೇ ಕೂಡಿಸಿ. ಟೂಫಿಕ್ಸ್ಡ್ ಏನಿದ್ದರೂ ಪರದೆ ಮೇಲೆ ತೋರಿಸುವಾಗ, ಒಂದೇ ಸಲ. ಲೆಕ್ಕದ ಮಧ್ಯೆ ಅದು ಬರಲೇಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನೊಂದು ವಿಷಯವೂ ನಿಮ್ಮನ್ನು ಕಾಡಬಹುದು. 1.005 ಅನ್ನು ಎರಡು ಸ್ಥಾನಕ್ಕೆ ತಂದರೆ 1.01 ಆಗಬೇಕು, ಆದರೆ ಬರುವುದು 1.00. ಜಾವಾಸ್ಕ್ರಿಪ್ಟ್ ಸಂಖ್ಯೆಗಳನ್ನು 64 ಬಿಟ್‌ಗಳಲ್ಲಿ, ಎರಡರ ಘಾತಗಳ ಮೊತ್ತವಾಗಿ ಇಟ್ಟುಕೊಳ್ಳುತ್ತದೆ. 1.005 ಹಾಗೆ ಸರಿಯಾಗಿ ಕೂರುವುದಿಲ್ಲ. ಒಳಗೆ ಇರುವುದು 1.00499999999999989 ಚಿಲ್ಲರೆ. ಅದನ್ನು ಕೆಳಕ್ಕೆ ಇಳಿಸಿದ್ದು ಸರಿಯೇ ತಾನೆ? 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದಕ್ಕೂ ಇದೇ ಕಾರಣ. ಇದಕ್ಕೆ ನಂಬರ್.ಎಪ್ಸಿಲಾನ್ ಎಂಬ ಅತಿ ಸಣ್ಣ ಸಂಖ್ಯೆಯನ್ನು ಕೂಡಿಸಿ ಅಂತ ಸುಮಾರು ಜನ ಹೇಳುತ್ತಾರೆ. 1.005ಕ್ಕೇನೋ ಅದು ಕೆಲಸ ಮಾಡುತ್ತದೆ. ಆದರೆ 4ಕ್ಕಿಂತ ದೊಡ್ಡ ಸಂಖ್ಯೆಗೆ ಎಪ್ಸಿಲಾನ್ ಕೂಡಿಸಿದರೆ ಸಂಖ್ಯೆ ಇದ್ದ ಹಾಗೇ ಇರುತ್ತದೆ. ಅದನ್ನು ನಂಬಬೇಡಿ.

ಲೆಕ್ಕ ಕರಾರುವಾಕ್ಕಾಗಿ ಬೇಕೇ ಬೇಕು ಅಂದರೆ ಪೂರ್ಣಾಂಕದಲ್ಲಿ ಇಟ್ಟುಕೊಳ್ಳಿ. 1.334ರ ಬದಲು 1334. ಮೂರು ಸೇರಿ 4002. ತೋರಿಸುವಾಗ 1000ದಿಂದ ಭಾಗಿಸಿ. ನಾನು ಈಗ ಮಾಡುವುದು ಹೀಗೇ.

ಅರೇ ಬಗ್ಗೆ ಒಂದು ಮಾತು. ಅರೇಯಲ್ಲಿರುವ ಪ್ರತಿಯೊಂದಕ್ಕೂ ಒಂದೇ ಕೆಲಸ ಮಾಡುವ ಮ್ಯಾಪ್ ಹಳೆಯ ಅರೇಯನ್ನು ಮುಟ್ಟುವುದಿಲ್ಲ, ಹೊಸದನ್ನು ಕೊಡುತ್ತದೆ. ಅದನ್ನು ಒಂದು ಹೆಸರಿನಲ್ಲಿ ಇಟ್ಟುಕೊಳ್ಳದಿದ್ದರೆ ಮಾಡಿದ ಕೆಲಸ ಸುಮ್ನೆ ಹೋಗುತ್ತದೆ. ಹಾಗೇ ಸಾರ್ಟ್‌ಗೆ ಹೋಲಿಸುವ ಫಂಕ್ಷನ್ ಕೊಡದಿದ್ದರೆ ಅದು ಸಂಖ್ಯೆಗಳನ್ನೂ ಅಕ್ಷರಗಳಂತೆ ಜೋಡಿಸುತ್ತದೆ. 9ಕ್ಕಿಂತ ಮೊದಲು 10 ಬಂದು ಕೂರುತ್ತದೆ.

ಇಷ್ಟೆಲ್ಲ ಮಾಡಿದರೂ ಅಂಟಿಕೊಂಡ ಉತ್ತರವೇ ಬಂದರೆ, ಸಂಖ್ಯೆಗಳು ಎಲ್ಲಿಂದ ಬರುತ್ತಿವೆ ನೋಡಿ. ಫಾರ್ಮ್‌ನ ಇನ್‌ಪುಟ್ ಬಾಕ್ಸ್‌ನ ವ್ಯಾಲ್ಯೂ ಯಾವಾಗಲೂ ಸ್ಟ್ರಿಂಗ್ ಆಗಿಯೇ ಬರುತ್ತದೆ. ಅದು ಅರೇಗೆ ಸೇರುವ ಮುಂಚೆಯೇ ನಂಬರ್ ಹಾಕಿಬಿಡಿ.