ಹಳೆ ಕಾರಿನ ಕ್ರೂಸ್ ಕಂಟ್ರೋಲ್ ತೆಗೆಸಬಹುದಾ? ವೈರು ಕಟ್ ಮಾಡಿದರೆ ಸಾಕಾ?

ನೀವು ಕೇಳಿದ್ದು ಇಷ್ಟು: ಮುಂಬೈಯಿಂದ ತಂದ ತೊಂಬತ್ತರ ದಶಕದ ಪೆಟ್ರೋಲ್ ಕಾರು, ಕೈ ಗೇರಿನದು. ಹಿಂದಿನ ಮಾಲೀಕರು ಹೊರಗಿನಿಂದ ಕ್ರೂಸ್ ಕಂಟ್ರೋಲ್ ಕಿಟ್ (ಎಕ್ಸಲರೇಟರ್ ತುಳಿಯದೆಯೇ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸುವ ಸಾಧನ) ತಂದು ಹಾಕಿಸಿದ್ದಾರೆ. ಅದು ನಡೆಯುವುದಿಲ್ಲ, ನಿಮಗೆ ಬೇಕೂ ಇಲ್ಲ. ಮೇಲಿಂದ ಗಾಡಿ ನಿಂತಾಗ ರೇಸ್ ತಾನಾಗೇ ಏರುತ್ತದೆ. ಕಾರವಾರದಲ್ಲಿ ತೋರಿಸಿದರೆ 'ವೈರು ಕಟ್ ಮಾಡಿ ಬಿಡೋಣ' ಅಂದರಂತೆ.

ಕಟ್ ಮಾಡಿಸಬೇಡಿ. ತೆಗೆಸಿ, ಆದರೆ ಪೂರ್ತಿ ತೆಗೆಸಿ. ನಾನು ಕುಮಟಾದಲ್ಲಿ ಹಳೆ ಕಾರುಗಳ ವೈರಿಂಗ್ ಕೆಲಸ ಮಾಡುವವನು. ಅರ್ಧ ಬಿಚ್ಚಿ ಟೇಪ್ ಸುತ್ತಿ ಬಿಟ್ಟ ಕ್ರೂಸ್ ಕಂಟ್ರೋಲ್, ಇದ್ದ ಹಾಗೇ ಬಿಟ್ಟದ್ದಕ್ಕಿಂತ ಜಾಸ್ತಿ ಅಪಾಯ. ಯಾಕೆಂದರೆ ಅದು ಕೈ ಹಾಕುವುದು ಎಕ್ಸಲರೇಟರಿಗೆ ಮತ್ತು ಬ್ರೇಕಿಗೆ. ಉಳಿದ ವೈರುಗಳ ವಿಷಯ ಆಮೇಲೆ.

ಮೊದಲು ರೇಸ್ ಯಾಕೆ ಏರುತ್ತದೆ ನೋಡೋಣ. ಆ ಕಾಲದ ಕಿಟ್‌ಗಳಲ್ಲಿ ಹೆಚ್ಚಿನವು ವ್ಯಾಕ್ಯೂಮ್ ಮೇಲೆ, ಅಂದರೆ ಎಂಜಿನ್ ಗಾಳಿ ಎಳೆಯುವ ಬಲದ ಮೇಲೆ, ನಡೆಯುತ್ತವೆ. ಬಾನೆಟ್ ಎತ್ತಿದರೆ ಒಂದು ದುಂಡನೆಯ ಡಬ್ಬ ಕಾಣುತ್ತದೆ, ಒಳಗೆ ರಬ್ಬರ್ ಪರದೆ ಇರುತ್ತದೆ. ಇಂಟೇಕ್ ಮ್ಯಾನಿಫೋಲ್ಡಿನಿಂದ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒಂದು ಸಣ್ಣ ಪೈಪು ಅದಕ್ಕೆ ಬರುತ್ತದೆ. ಎಂಜಿನ್ ಗಾಳಿ ಎಳೆದಾಗ ಪರದೆ ಹಿಂದೆ ಸರಿಯುತ್ತದೆ, ಅದಕ್ಕೆ ಕಟ್ಟಿದ ಕೇಬಲ್ ಥ್ರಾಟಲನ್ನು (ಎಕ್ಸಲರೇಟರ್ ತುಳಿದಾಗ ತೆರೆಯುವ ಗಾಳಿ ಬಾಗಿಲು) ಎಳೆಯುತ್ತದೆ. ಕೇಬಲಿನ ತುದಿಯಲ್ಲಿ ಕೀ ಚೈನಿನ ಹಾಗೆ ಸಣ್ಣ ಮಣಿಗಳ ಸರಪಳಿ ಇರುತ್ತದೆ. ನಮ್ಮ ಉಪ್ಪು ಗಾಳಿಗೆ ಆ ಮಣಿಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟುತ್ತವೆ. ಸಡಿಲವಾಗಿ ಜೋಲಬೇಕಾದ ಸರಪಳಿ ಕಡ್ಡಿಯ ಹಾಗೆ ಬಿಗಿದು ನಿಂತು, ಥ್ರಾಟಲ್ ಪೂರ್ತಿ ಮುಚ್ಚಲು ಬಿಡುವುದಿಲ್ಲ. ನಿಮ್ಮ ಗಾಡಿಯಲ್ಲಿ ಕಾರಣ ಇದಿರಬಹುದು, ಇಲ್ಲವೇ ಪೈಪು ಬಿರುಕು ಬಿಟ್ಟು ಮ್ಯಾನಿಫೋಲ್ಡಿಗೆ ಲೆಕ್ಕಕ್ಕಿಲ್ಲದ ಗಾಳಿ ಹೋಗುತ್ತಿರಬಹುದು. ಹಳೆ ಪೈಪನ್ನು ಬೆರಳಲ್ಲಿ ಸ್ವಲ್ಪ ಬಗ್ಗಿಸಿ ನೋಡಿ, ಬುಡದಲ್ಲೇ ಬಾಯಿ ಬಿಟ್ಟಿರುತ್ತದೆ.

ಎರಡರಲ್ಲಿ ಯಾವುದು ಎಂದು ತಿಳಿಯುವುದು ಸುಲಭ. ಎಂಜಿನ್ ಬಿಸಿಯಾದ ಮೇಲೆ ಆ ಸಣ್ಣ ಪೈಪನ್ನು ಮ್ಯಾನಿಫೋಲ್ಡಿನ ಹತ್ತಿರವೇ ಇಕ್ಕಳದಿಂದ ಮೆತ್ತಗೆ ಹಿಚುಕಿ. ರೇಸ್ ಇಳಿದರೆ ಗಾಳಿ ಸೋರಿಕೆ. ಇಳಿಯದಿದ್ದರೆ ಎಂಜಿನ್ ನಿಲ್ಲಿಸಿ, ಸರಪಳಿ ಕಳಚಿ, ಮತ್ತೆ ಸ್ಟಾರ್ಟ್ ಮಾಡಿ. ಈಗ ಇಳಿದರೆ ಸರಪಳಿ. ಎರಡಕ್ಕೂ ಜಗ್ಗದಿದ್ದರೆ ತಪ್ಪು ಕ್ರೂಸ್ ಕಂಟ್ರೋಲಿನದಲ್ಲ, ಬೇರೆ ಕಡೆ ಹುಡುಕಬೇಕು. ಇದನ್ನು ನೋಡದೆ ವೈರು ಕಟ್ ಮಾಡಿಸಿದ್ದರೆ ಸರಪಳಿಯೂ ಪೈಪೂ ಅಲ್ಲೇ ಉಳಿಯುತ್ತಿದ್ದವು, ರೇಸ್ ಹಾಗೇ ಇರುತ್ತಿತ್ತು, ಅಲ್ವಾ?

ಇನ್ನು ಬಿಚ್ಚುವ ಕೆಲಸ. ಬ್ಯಾಟರಿಯ ನೆಗೆಟಿವ್ ಕಳಚಿ. ಥ್ರಾಟಲ್ ಕಡೆಯ ಸರಪಳಿಯನ್ನೂ ಅದರ ಕ್ಲಿಪ್ಪನ್ನೂ ತೆಗೆಯಿರಿ. ಕಿಟ್ಟಿನ ಬ್ರಾಕೆಟ್ ಎಕ್ಸಲರೇಟರ್ ಕೇಬಲಿನ ಬೋಲ್ಟಿಗೇ ಸೇರಿಕೊಂಡಿದ್ದರೆ, ಬೋಲ್ಟ್ ವಾಪಸ್ ಹಾಕುವಾಗ ಕೇಬಲ್ ಮೊದಲಿನ ಜಾಗದಲ್ಲೇ ಕೂರಬೇಕು. ಕೈಯಿಂದ ಥ್ರಾಟಲ್ ಪೂರ್ತಿ ತೆರೆದು ಬಿಡಿ. ಟಪ್ ಎಂದು ಮುಚ್ಚಿಕೊಳ್ಳಬೇಕು. ನಿಧಾನಕ್ಕೆ ಮುಚ್ಚಿದರೆ ಗಾಡಿ ರಸ್ತೆಗೆ ಇಳಿಸಬೇಡಿ.

ವ್ಯಾಕ್ಯೂಮ್ ಪೈಪನ್ನು ಮಧ್ಯದಲ್ಲಿ ಕತ್ತರಿಸಿ ಬೋಲ್ಟ್ ತುರುಕುವುದು ನಮ್ಮ ಕಡೆ ಸಾಮಾನ್ಯ. ಆ ರಬ್ಬರು ಒಂದು ಬೇಸಿಗೆ ಕಳೆದರೆ ಒಡೆಯುತ್ತದೆ. ಮ್ಯಾನಿಫೋಲ್ಡಿನ ಮೂತಿಗೇ ಸರಿ ಅಳತೆಯ ಹೊಸ ರಬ್ಬರ್ ಕ್ಯಾಪ್ ಹಾಕಿ ಕ್ಲಿಪ್ ಬಿಗಿಯಬೇಕು. ಆದರೆ ಅದಕ್ಕಿಂತ ಮುಖ್ಯವಾದ್ದು ಒಂದಿದೆ. ಕೆಲವರು ಕಿಟ್ ಹಾಕುವಾಗ ಮ್ಯಾನಿಫೋಲ್ಡಿಗೆ ಹೋಗದೆ, ಬ್ರೇಕ್ ಬೂಸ್ಟರಿನ (ಬ್ರೇಕ್ ತುಳಿಯುವ ಬಲ ಹೆಚ್ಚಿಸುವ ಡಬ್ಬ) ದಪ್ಪ ಪೈಪನ್ನೇ ಕೊಯ್ದು ಟೀ (T ಆಕಾರದ ಪೈಪಿನ ಜಾಯಿಂಟ್) ಹಾಕಿರುತ್ತಾರೆ. ಹಾಗಿದ್ದರೆ ಆ ಟೀ ಅಲ್ಲಿ ಉಳಿಸಲೇಬೇಡಿ. ಬೂಸ್ಟರಿಗೆ ಒಂದೇ ತುಂಡಿನ ಹೊಸ ಪೈಪು ಹಾಕಿಸಿ, ಹಳೆಯದರಲ್ಲಿದ್ದ ಒನ್ ವೇ ವಾಲ್ವ್ ಅದೇ ದಿಕ್ಕಿಗೆ ಕೂತಿದೆಯಾ ನೋಡಿ. ಅಲ್ಲಿ ಗಾಳಿ ಸೋರಿದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಶಿರಸಿ ರಸ್ತೆಯ ದೇವಿಮನೆ ಘಾಟಿಯ ಇಳಿಜಾರಿನಲ್ಲಿ ಹಾಗಾಗುವುದನ್ನು ಯೋಚಿಸಿದರೇ ನನಗೆ ಭಯ. ಬೂಸ್ಟರ್ ಸರಿಯಿದೆಯಾ ಎಂದು ಮನೆ ಅಂಗಳದಲ್ಲೇ ನೋಡಬಹುದು. ಎಂಜಿನ್ ಆಫ್ ಇಟ್ಟು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ, ಹಾಗೇ ಒತ್ತಿಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿಯಲ್ಲಿ ಸ್ವಲ್ಪ ಕೆಳಗೆ ಇಳಿಯಬೇಕು.

ಈಗ ಡ್ಯಾಶ್‌ಬೋರ್ಡಿನ ಕೆಳಗೆ. ಮಲಗಿಕೊಂಡು ಟಾರ್ಚ್ ಹಿಡಿದು ಬ್ರೇಕ್ ಪೆಡಲಿನ ಮೇಲ್ಭಾಗ ನೋಡಿ. ಬ್ರೇಕ್ ಲೈಟಿನ ಸ್ವಿಚ್ ಅಲ್ಲಿರುತ್ತದೆ. ಅದರ ಪಕ್ಕದಲ್ಲಿ ಪೈಪು ಚುಚ್ಚಿದ ಇನ್ನೊಂದು ಸ್ವಿಚ್ ಇದ್ದರೆ ಅದು ಗಾಳಿ ಬಿಡುವ ವಾಲ್ವ್. ಬ್ರೇಕ್ ತುಳಿದ ಕೂಡಲೇ ಡಬ್ಬಕ್ಕೆ ಗಾಳಿ ನುಗ್ಗಿಸಿ ಥ್ರಾಟಲ್ ಬಿಡಿಸುವುದು ಅದರ ಕೆಲಸ. ಆ ವಾಲ್ವ್ ತೆಗೆಯಬಹುದು. ಬ್ರೇಕ್ ಲೈಟಿನ ಸ್ವಿಚ್ ಮಾತ್ರ ಮುಟ್ಟಬೇಡಿ. ಎಷ್ಟೋ ಗಾಡಿಗಳಲ್ಲಿ ಪೆಡಲ್ ಮೇಲೆ ಬಂದು ನಿಲ್ಲುವುದೇ ಆ ಸ್ವಿಚ್ಚಿಗೆ ತಾಗಿ. ಅದು ಸರಿದರೆ ಪೆಡಲಿನ ಎತ್ತರ ಬದಲಾಗುತ್ತದೆ. ಒಂದೋ ಲೈಟು ಸದಾ ಉರಿಯುತ್ತದೆ, ಇಲ್ಲ ಉರಿಯುವುದೇ ಇಲ್ಲ. ಕ್ಲಚ್ ಪೆಡಲಿಗೂ ಇದೇ ಮಾತು.

ಕಿಟ್ಟಿನ ಒಂದು ವೈರು ಕ್ಲಿಪ್ಪಿನ ಮೂಲಕ ಬ್ರೇಕ್ ಲೈಟಿನ ವೈರಿಗೆ ಕಚ್ಚಿಕೊಂಡಿರುತ್ತದೆ. ಅದಕ್ಕೆ ಬಲ್ಬಿನ ತಂತಿಯ ಮೂಲಕವೇ ಅರ್ಥಿಂಗ್ ಸಿಗಬೇಕು. ಎಲ್‌ಇಡಿಯಲ್ಲಿ ಆ ತಂತಿ ಇರುವುದಿಲ್ಲ, ಹಾಗಾಗಿ ನಿಮ್ಮ ಗಾಡಿಯ ಬ್ರೇಕ್ ಲೈಟಿಗೆ ಎಲ್‌ಇಡಿ ಬಲ್ಬ್ ಹಾಕಿದ್ದರೆ ಕ್ರೂಸ್ ನಡೆಯದಿರುವುದಕ್ಕೆ ಅಷ್ಟೇ ಸಾಕು.

ಇಂಥ ಕಚ್ಚುವ ಕ್ಲಿಪ್‌ಗಳನ್ನು ಕಿಟ್ಟಿನ ಕಡೆ ಕತ್ತರಿಸಿ ಬಿಡಬೇಡಿ. ಕ್ಲಿಪ್ಪನ್ನೇ ಬಿಚ್ಚಿ. ಅದರ ಬ್ಲೇಡ್ ಗಾಡಿಯ ಮೂಲ ವೈರಿನ ಪ್ಲಾಸ್ಟಿಕ್ ಸೀಳಿರುತ್ತದೆ, ಅಲ್ಲಿ ತಾಮ್ರ ಹಸಿರಾಗಿರುತ್ತದೆ. ಹಸಿರಾದಷ್ಟು ತುಂಡು ತೆಗೆದು ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕವಚ) ಏರಿಸಬೇಕು. ಸುಮ್ನೆ ಟೇಪ್ ಸುತ್ತಿದರೆ ಜೂನ್ ತಿಂಗಳ ಮಳೆ ಹಿಡಿದ ಮೇಲೆ ಅಂಟು ಬಿಡುತ್ತದೆ. ಕಿಟ್ಟಿನ ಪವರ್ ವೈರು ಫ್ಯೂಸ್ ಬಾಕ್ಸಿನಲ್ಲಿ ಎಲ್ಲಿಂದ ಬಂದಿದೆಯೋ ಅಲ್ಲಿಂದಲೇ ತೆಗೆಯಿರಿ. ಕೀ ತೆಗೆದರೂ ಕರೆಂಟ್ ಇರುವ ವೈರು ಸಣ್ಣ ವಿಷಯವಲ್ಲ. ಅಮೆರಿಕದಲ್ಲಿ ಫೋರ್ಡ್ ಕಂಪನಿ 2009ರಲ್ಲಿ ಸುಮಾರು 45 ಲಕ್ಷ ಗಾಡಿಗಳನ್ನು ವಾಪಸ್ ಕರೆದದ್ದು ಕ್ರೂಸ್ ಕಂಟ್ರೋಲಿನ ಒಂದು ಸಣ್ಣ ಸ್ವಿಚ್ಚಿಗಾಗಿ. ಬ್ರೇಕ್ ಆಯಿಲ್ ಅದರೊಳಗೆ ಸೋರಿ, ಸ್ವಿಚ್ ಬಿಸಿಯಾಗಿ ಬೆಂಕಿ ಹಿಡಿಯುವ ಅಪಾಯವಿತ್ತು, ನಿಲ್ಲಿಸಿಟ್ಟ ಗಾಡಿಯಲ್ಲೂ. ನಿಮ್ಮ ಕಿಟ್ ಅದಲ್ಲ, ಆದರೆ ಬಳಸದ ವೈರಿನಲ್ಲಿ ಕರೆಂಟ್ ಬಿಡಬಾರದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವೇಗ ಅಳೆಯುವ ಭಾಗ ಎರಡು ತರ ಇರುತ್ತದೆ. ಚಕ್ರದ ಶಾಫ್ಟಿಗೆ ಪಟ್ಟಿ ಕಟ್ಟಿ ಮ್ಯಾಗ್ನೆಟ್ ಕೂರಿಸಿದ್ದರೆ ಅದನ್ನೂ ಪಕ್ಕದ ಕಾಯಿಲನ್ನೂ ತೆಗೆಯಿರಿ. ಜೋಲುವ ವೈರು ಶಾಫ್ಟಿಗೆ ಸುತ್ತಿಕೊಂಡೀತು. ಸ್ಪೀಡೋಮೀಟರ್ ಕೇಬಲಿನ ನಡುವೆ ಸೇರಿಸಿದ್ದರೆ ಅಲ್ಲೇ ಇರಲಿ. ತೆಗೆದರೆ ಇಡೀ ಕೇಬಲ್ ಹೊಸದು ಹಾಕಬೇಕಾದೀತು.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಕ್ರೂಸ್ ಕಂಟ್ರೋಲ್ ಕಾರಿನ ಕಂಪನಿಯಿಂದಲೇ ಬಂದಿದ್ದರೆ, ಅದರಲ್ಲೂ ಏರ್‌ಬ್ಯಾಗ್ ಇರುವ ಸ್ಟೀರಿಂಗಿನಲ್ಲಿ ಬಟನ್ ಇದ್ದರೆ, ಬಿಚ್ಚಲು ಹೋಗಬೇಡಿ. ಬಳಸದೆ ಆಫ್ ಇಟ್ಟರೆ ಸಾಕು.

ಕ್ರೂಸ್ ಕಂಟ್ರೋಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದನ್ನು ಕಂಡುಹಿಡಿದ ರಾಲ್ಫ್ ಟೀಟರ್ ಐದನೇ ವಯಸ್ಸಿಗೇ ದೃಷ್ಟಿ ಕಳೆದುಕೊಂಡ ಎಂಜಿನಿಯರು. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರ ಕ್ರೈಸ್ಲರ್ ಕಾರುಗಳಲ್ಲಿ ಮಾರಾಟಕ್ಕೆ ಬಂತು. ಆ ಮನುಷ್ಯನ ಬಗ್ಗೆ ನನಗೆ ತುಂಬಾ ಗೌರವ. ಆದರೆ ಅದು ಅಮೆರಿಕದ ಉದ್ದನೆಯ ನೇರ ರಸ್ತೆಗಳಿಗೆ ಹೊಂದುವ ಸಾಮಾನು. ಮಾಜಾಳಿಯಿಂದ ಭಟ್ಕಳದವರೆಗೆ ಹೆದ್ದಾರಿ 66ರಲ್ಲಿ ಅಡ್ಡ ಬರುವ ದನ, ಊರಿನ ಕ್ರಾಸು, ಎದುರಿನಿಂದ ಬರುವ ಸ್ಕೂಟರು. ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಂತೂ ಕ್ರೂಸ್ ಬಳಸಲೇಬಾರದು. ನಿಮಗೆ ಬೇಡ ಅನ್ನಿಸಿದ್ದು ಸರಿಯೇ.

ಎಲ್ಲ ಮುಗಿದ ಮೇಲೆ ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಲೈಟ್ ನೋಡಿಸಿ. ಮೊದಲ ಓಡಾಟ ಸಮತಟ್ಟಿನ ರಸ್ತೆಯಲ್ಲಿರಲಿ, ಶಿರಸಿ ಕಡೆ ಘಾಟಿ ಹತ್ತಬೇಡಿ. ಬಿಚ್ಚುವ ಮೊದಲು ಬ್ರೇಕ್ ಪೆಡಲಿನ ಸ್ವಿಚ್ಚಿಗೆ ಎರಡು ವೈರು ಇದೆಯೋ ನಾಲ್ಕು ಇದೆಯೋ ನೋಡಿ ಇಲ್ಲಿ ಬರೆಯಿರಿ, ಒಂದು ಫೋಟೋನೂ ಹಾಕಿ. ನಾಲ್ಕಿದ್ದರೆ ಯಾವ ಎರಡನ್ನು ಮುಟ್ಟದೆ ಬಿಡಬೇಕು ಅಂತ ಟೆಸ್ಟ್ ಲ್ಯಾಂಪ್ ಹಿಡಿದು ನೋಡುವ ಕ್ರಮ ಹೇಳುತ್ತೇನೆ. ಅಲ್ಲಿಯವರೆಗೆ ಆ ಸ್ವಿಚ್ಚಿಗೆ ಯಾರೂ ಕಟ್ಟರ್ ಹಾಕದ ಹಾಗೆ ನೋಡಿಕೊಳ್ಳಿ.